ಮೂರರ ಲೆಕ್ಕ

ಹೊರದೇಶದಲ್ಲಿ ನೆಲೆಸಿದ ನಮಗೆಲ್ಲ ಎಂದಾದರೊಮ್ಮೆ ಎದುರಾಗುವ ಪ್ರಶ್ನೆ ಇದು: "ನಿಮ್ಮ ತ್ರಿಮೂರ್ತಿಗಳೆಂದರೆ ನಮ್ಮ ಟ್ರಿನಿಟಿಯೇ ಅಲ್ಲವೇ?" ಹೌದೆಂದುಬಿಡುವುದು ಸುಲಭ. ಆದರೆ ಅದರಿಂದ ಕೇಳಿದವರ ನಂಬಿಕೆಗೂ ಅನ್ಯಾಯ, ನಮ್ಮದಕ್ಕೂ ಅನ್ಯಾಯ.

ಕ್ರೈಸ್ತರ ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು. 325ರ ನೈಸಿಯಾ ಸಭೆ, 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳು ಹೆಣಗಾಡಿದ್ದು ಈ ಏಕತ್ವವನ್ನು ಉಳಿಸಿಕೊಳ್ಳಲು. ಸೃಷ್ಟಿ ಒಬ್ಬನಿಗೆ, ಪಾಲನೆ ಇನ್ನೊಬ್ಬನಿಗೆ ಎಂಬ ಖಾತೆ ಹಂಚಿಕೆ ಅಲ್ಲಿಲ್ಲ. ನಮ್ಮ ತ್ರಿಮೂರ್ತಿಗಳಲ್ಲಿ ಹಂಚಿಕೆಯೇ ಮುಖ್ಯ. ಹಾಗೆಂದು ಪೂಜೆಯಲ್ಲಿ ಮೂವರಿಗೂ ಸಮಪಾಲೇನೂ ಇಲ್ಲ. ಪಾಪ, ಬ್ರಹ್ಮನಿಗೆ ಗುಡಿಗಳೇ ಅಪರೂಪ! ಮುಂಬಯಿ ಬಳಿಯ ಎಲಿಫೆಂಟಾ ಗುಹೆಯ ಮೂರು ಮುಖದ ಮಹಾಶಿಲ್ಪವನ್ನು ತ್ರಿಮೂರ್ತಿ ಎಂದು ಕರೆಯುವುದು ವಾಡಿಕೆ. ವಿದ್ವಾಂಸರು ಅದನ್ನು ಸದಾಶಿವನೆಂದು ಗುರುತಿಸುತ್ತಾರೆ, ಅಂದರೆ ಮೂರೂ ಶಿವನ ಮುಖಗಳೇ.

ಬೌದ್ಧರಿಗೆ ಬುದ್ಧ, ಧರ್ಮ, ಸಂಘಗಳು ಶರಣು ಹೋಗುವ ನೆಲೆ. ಜೈನರ ರತ್ನತ್ರಯ ನಡೆಯಬೇಕಾದ ದಾರಿ. ಇಸ್ಲಾಮ್ ದೇವರಲ್ಲಿ ಮೂರನ್ನು ಒಪ್ಪುವುದೇ ಇಲ್ಲ. ಆದರೂ ನಮಾಜಿಗೆ ಮುನ್ನ ಕೈ, ಬಾಯಿ, ಮುಖಗಳನ್ನು ಮೂರು ಮೂರು ಸಲ ತೊಳೆಯುವ ರೂಢಿಯಿದೆ.

ಅರ್ಥ ಬೇರೆ, ಎಣಿಕೆ ಮಾತ್ರ ಒಂದೇ. ಯಾಕಿರಬಹುದು? ಕಂಪ್ಯೂಟರ್ ಕಸುಬಿನ ನಮಗೆ ಒಂದು ಹೋಲಿಕೆ ಹೊಳೆಯುತ್ತದೆ. ಎರಡು ಯಂತ್ರಗಳು ಬೇರೆ ಬೇರೆ ಉತ್ತರ ಕೊಟ್ಟರೆ ತಪ್ಪು ಯಾವುದರದೆಂದು ತಿಳಿಯದು. ಮೂರನೆಯದಿದ್ದರೆ ಬಹುಮತ ನೋಡಬಹುದು. ಜೀವಕ್ಕೆ ಅಪಾಯವಿರುವ ಕಡೆ ಹೀಗೆ ಮೂರನ್ನು ಜೋಡಿಸುವುದುಂಟು. ಸಂಸ್ಕೃತದಲ್ಲೂ ಎರಡಕ್ಕೆ ದ್ವಿವಚನ. ಬಹುವಚನ ಶುರುವಾಗುವುದು ಮೂರರಿಂದ. 'ಹಲವು' ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಬಂಡವಾಳ ಮೂರು ಎನ್ನೋಣವೇ?

ಇಷ್ಟಾದರೂ ನಮ್ಮ ಅಜ್ಜಿಯರಿಗೆ ಮೂರೆಂದರೆ ಪೂರ್ತಿ ನಂಬಿಕೆಯಿಲ್ಲ. ತಾಳಿಗೆ ಮೂರು ಗಂಟು ಬೇಕು, ಆದರೆ ಶುಭಕಾರ್ಯಕ್ಕೆ ಮೂವರು ಹೊರಡಬಾರದು! ಕೆಲಸ ಕೆಟ್ಟರೆ 'ಮೂರಾಬಟ್ಟೆ'ಯಾಯಿತು ಎನ್ನುತ್ತೇವೆ. ಇಲ್ಲಿನ ಬಟ್ಟೆ ಉಡುವ ಬಟ್ಟೆಯಲ್ಲ. ಹಳಗನ್ನಡದಲ್ಲಿ ಬಟ್ಟೆಯೆಂದರೆ ದಾರಿ. ದೃಷ್ಟಿ ತೆಗೆದದ್ದನ್ನು ಒಯ್ದು ಹಾಕುವುದೂ ಮೂರು ದಾರಿ ಕೂಡುವಲ್ಲಿಯೇ. ಪ್ರಾಚೀನ ಗ್ರೀಕರೂ ಹೆಕಟೆ ಎಂಬ ದೇವತೆಗೆ ಎಡೆ ಇಟ್ಟು ಬರುತ್ತಿದ್ದದ್ದು ಅಂಥದೇ ಜಾಗದಲ್ಲಿ. ಬಹುಶಃ ಅವರ ಅಜ್ಜಿಯರೂ ಮಕ್ಕಳಿಗೆ, ಅದನ್ನು ದಾಟಬೇಡಿ, ಸುತ್ತಿ ಬನ್ನಿ ಎಂದು ಗದರುತ್ತಿದ್ದರೇನೋ.