ಒಂದು ಕೆಜಿ ಯುರೇನಿಯಂಗೆ 40 ಕೆಜಿ ಆಸಿಡ್

ಕಜಕಿಸ್ತಾನದ ದಕ್ಷಿಣ ಭಾಗದಲ್ಲಿ ಒಂದು ಕೆಜಿ ಯುರೇನಿಯಂ ಕೈಗೆ ಬರಬೇಕಾದರೆ ಸುಮಾರು 40 ಕೆಜಿ ಸಲ್ಫ್ಯೂರಿಕ್ ಆಸಿಡ್ ನೆಲದೊಳಗೆ ಇಳಿಯಬೇಕು. ಇದು ಅಲ್ಲಿ ಬಹುಕಾಲದಿಂದ ಹಿಡಿಯುವ ಸರಾಸರಿ. ನಿಕ್ಷೇಪ ಬದಲಾದಂತೆ ಲೆಕ್ಕವೂ ಏರಿಳಿಯುತ್ತದೆ. ಆಸ್ಟ್ರೇಲಿಯಾದ ಬೆವರ್ಲಿ ಗಣಿಯಲ್ಲಿ 2007ರಲ್ಲಿ ಇದೇ ಕೆಲಸಕ್ಕೆ 7.7 ಕೆಜಿ ಸಾಕಾಗಿತ್ತು.

2023ರಲ್ಲಿ ಕಜಕಿಸ್ತಾನ ತೆಗೆದ ಯುರೇನಿಯಂ 21,112 ಟನ್. ಜಗತ್ತಿನ ಉತ್ಪಾದನೆಯಲ್ಲಿ ಹತ್ತಿರಹತ್ತಿರ ಐದರಲ್ಲಿ ಎರಡು ಪಾಲು. ಅದನ್ನು 40ರಿಂದ ಗುಣಿಸಿ ನೋಡಿ: ಆಸಿಡ್ 8.4 ಲಕ್ಷ ಟನ್ ದಾಟುತ್ತದೆ. 20 ಟನ್ ಹೊರುವ ಟ್ಯಾಂಕರುಗಳಿಗೆ ತುಂಬಿದರೆ ವರ್ಷಕ್ಕೆ 42,000 ಲೋಡು, ದಿನಕ್ಕೆ 115. ಸಾವಿರ ಮೆಗಾವಾಟ್‌ನ ಒಂದು ಅಣುಸ್ಥಾವರಕ್ಕೆ ವರ್ಷಕ್ಕೆ ಬೇಕಾಗುವ ಯುರೇನಿಯಂ ಸುಮಾರು 200 ಟನ್. ಅದರ ಹಿಂದೆ 8,000 ಟನ್ ಆಸಿಡ್ ಇರುತ್ತದೆ.

ಅಲ್ಲಿ ಸುರಂಗ ತೋಡುವವರಿಲ್ಲ, ಅದಿರು ಹೊರುವವರಿಲ್ಲ. ಇರುವುದು ಸಾಲುಸಾಲು ಕೊಳವೆಬಾವಿಗಳು. ಒಂದರಲ್ಲಿ ಆಸಿಡ್ ಬೆರೆಸಿದ ನೀರನ್ನು ಆಳದ ಮರಳುಪದರಕ್ಕೆ ಬಿಟ್ಟು, ಇನ್ನೊಂದರಿಂದ ಮೇಲೆತ್ತುತ್ತಾರೆ. ಬಂದ ನೀರಿನಲ್ಲಿ ಲೀಟರಿಗೆ ಹತ್ತಾರು ಮಿಲಿಗ್ರಾಂ ಯುರೇನಿಯಂ ಕರಗಿರುತ್ತದೆ. ರೆಸಿನ್ ಅದನ್ನು ಹಿಡಿದಿಟ್ಟುಕೊಂಡ ಮೇಲೆ ಅದೇ ನೀರಿಗೆ ಮತ್ತೆ ಆಸಿಡ್ ಸೇರಿಸಿ ಕೆಳಗಿಳಿಸುತ್ತಾರೆ.

ಇಷ್ಟು ಆಸಿಡ್ ಎಲ್ಲಿ ಹೋಗುತ್ತದೆ? ಬಹುಪಾಲು ಸುಣ್ಣದ ಹೊಟ್ಟೆಗೆ. ಶಹಾಬಾದ್ ಕಲ್ಲು ಹಾಸಿದ ಅಡುಗೆಮನೆಯಲ್ಲಿ ನಿಂಬೆ ಹೋಳನ್ನು ಮಗುಚಿಟ್ಟು ಮರೆತವರಿಗೆ ಇದು ಗೊತ್ತು. ಹೋಳಿನ ಅಗಲಕ್ಕೆ ಬಿಳಿಚಿದ ಗುರುತು ಉಳಿಯುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹುಳಿ ಕಲ್ಲನ್ನು ತಿಂದಿರುತ್ತದೆ, ತಿನ್ನುತ್ತ ತಾನೂ ಖರ್ಚಾಗಿರುತ್ತದೆ. 100 ಕೆಜಿ ಕ್ಯಾಲ್ಸಿಯಂ ಕಾರ್ಬೊನೇಟ್ 98 ಕೆಜಿ ಸಲ್ಫ್ಯೂರಿಕ್ ಆಸಿಡನ್ನು ನುಂಗುತ್ತದೆ. ಒಂದು ಟನ್ ಅದಿರಿನಲ್ಲಿ ಅರ್ಧ ಕೆಜಿ ಯುರೇನಿಯಂ ಇದೆ, ಜೊತೆಗೆ ಶೇ 1ರಷ್ಟು ಕಾರ್ಬೊನೇಟ್ ಇದೆ ಎಂದುಕೊಳ್ಳಿ. ಅಷ್ಟೂ ಕರಗಿದರೆ ಆ ಒಂದು ಪರ್ಸೆಂಟಿಗೇ 9.8 ಕೆಜಿ ಆಸಿಡ್ ಹೋಯಿತು. ಕೆಜಿ ಯುರೇನಿಯಂ ಲೆಕ್ಕದಲ್ಲಿ ಸುಮಾರು 20 ಕೆಜಿ. ಶೇ 2 ಇದ್ದರೆ 40.

ಯಾದಗಿರಿ ಜಿಲ್ಲೆಯ ಗೋಗಿಯ ಅದಿರು ಇರುವುದೂ ಶಹಾಬಾದ್ ಕಲ್ಲು ಸಿಗುವ ಅದೇ ಭೀಮಾ ಕಣಿವೆಯಲ್ಲಿ, ಸುಣ್ಣಕಲ್ಲಿನ ಸಂಗದಲ್ಲಿ. ಟನ್ನಿಗೆ ಸುಮಾರು 1.8 ಕೆಜಿ ಯುರೇನಿಯಂ ಆಕ್ಸೈಡ್, ನಮ್ಮ ದೇಶದ ಮಟ್ಟಿಗೆ ಸಿರಿವಂತ ಅದಿರು. ಆದರೂ ಶೇ 70 ಕಾರ್ಬೊನೇಟ್ ಇರುವ ಕಲ್ಲಿಗೆ ಆಸಿಡ್ ಸುರಿಯಹೋದರೆ ಟನ್ನಿಗೆ 686 ಕೆಜಿ ಬೇಕು. ಯಾವ ವ್ಯಾಪಾರಕ್ಕೂ ಗಿಟ್ಟದ ಮಾತು. ಕಡಪ ಜಿಲ್ಲೆಯ ತುಮ್ಮಲಪಲ್ಲಿಯ ಯುರೇನಿಯಂ ಗಣಿಯಲ್ಲಿ ಆಸಿಡ್ ಬಿಟ್ಟು ಸೋಡಾದ, ಅಂದರೆ ಕ್ಷಾರದ, ದಾರಿ ಹಿಡಿದಿದ್ದು ಇದಕ್ಕೇ. ಜಾರ್ಖಂಡದ ಜಾದುಗುಡಾದ ಕಲ್ಲಿನಲ್ಲಿ ಸುಣ್ಣ ಕಡಿಮೆ. ಅಲ್ಲಿ ಆಸಿಡ್ ನಡೆಯುತ್ತದೆ.

ಮತ್ತೆ ಕಜಕಿಸ್ತಾನಕ್ಕೆ. 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರಿ ಒಡೆತನದ ಕಜಾಟಮ್‌ಪ್ರೊಮ್, ಆಸಿಡ್ ಸಾಲುತ್ತಿಲ್ಲ, ಹೊಸ ನಿಕ್ಷೇಪಗಳ ಕಾಮಗಾರಿಯೂ ತಡವಾಗಿದೆ ಎಂದು ಎಚ್ಚರಿಸಿತು. ಫೆಬ್ರವರಿ 1ರಂದು ಆ ವರ್ಷದ ಗುರಿಯನ್ನು 25,000–25,500 ಟನ್‌ನಿಂದ 21,000–22,500ಕ್ಕೆ ಇಳಿಸಿತು. ಆಗಸ್ಟ್‌ನಲ್ಲಿ 2025ರ ಗುರಿಗೂ ಕತ್ತರಿ ಬಿತ್ತು: 30,500–31,500 ಇದ್ದದ್ದು 25,000–26,500 ಆಯಿತು. ಯುರೇನಿಯಂ ಬೆಲೆ ಆ ಜನವರಿಯಲ್ಲೇ ಪೌಂಡಿಗೆ 100 ಡಾಲರ್ ದಾಟಿತ್ತು. 2007ರ ನಂತರ ಅಷ್ಟು ಏರಿದ್ದು ಅದೇ ಮೊದಲು.

ಆಸಿಡ್ ಕೊರತೆಯ ಪೆಟ್ಟು ಹಳೆಯ ಬಾವಿಗಳಿಗಿಂತ ಹೊಸವುಗಳಿಗೆ ಜೋರಾಗಿ ಬಿದ್ದದ್ದನ್ನು ಗಮನಿಸಬೇಕು. ಹೊಸ ಬಾವಿಗಳ ನೆಲವನ್ನು ಮೊದಲು ತಿಂಗಳುಗಟ್ಟಲೆ ಆಸಿಡ್‌ನಲ್ಲಿ ನೆನೆಸಬೇಕು. ಸುಣ್ಣ ತನ್ನ ಪಾಲು ತಿಂದು ಮುಗಿಸುವವರೆಗೆ ಯುರೇನಿಯಂ ಬರುವುದಿಲ್ಲ. ಆಸಿಡ್ ಈ ವರ್ಷದ್ದು, ಫಸಲು ಮುಂದಿನ ವರ್ಷದ್ದು. ಇತ್ತ ಜಗತ್ತಿನ ಆಸಿಡ್‌ನಲ್ಲಿ ದೊಡ್ಡ ಪಾಲು ಹೋಗುವುದು ಗೊಬ್ಬರಕ್ಕೆ. ನಮ್ಮ ರೈತರು ಹೊಲಕ್ಕೆ ಹಾಕುವ ಡಿಎಪಿಯ ಹಿಂದೆಯೂ ಇದೇ ಆಸಿಡ್ ಇದೆ. ಗೊಬ್ಬರದ ಬೇಡಿಕೆ ಏರಿದರೆ ಗಣಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಆದ್ದರಿಂದಲೇ ತುರ್ಕಿಸ್ತಾನ್ ಪ್ರಾಂತ್ಯದಲ್ಲಿ ವರ್ಷಕ್ಕೆ 8 ಲಕ್ಷ ಟನ್‌ನ ಹೊಸ ಆಸಿಡ್ ಕಾರ್ಖಾನೆಗೆ ಕಂಪನಿ ಕೈ ಹಾಕಿದೆ. ಗಣಿಯ ಹತ್ತಿರವೇ ಕಟ್ಟುವುದು ಸರಿಯಾದ ತೀರ್ಮಾನ ಎಂದೇ ನನ್ನ ಎಣಿಕೆ. ಒಂದು ಟನ್ ಗಂಧಕ ಸುಟ್ಟರೆ ಮೂರು ಟನ್ ಆಸಿಡ್ ಆಗುತ್ತದೆ. 8 ಲಕ್ಷ ಟನ್‌ಗೆ ಬೇಕಾದ ಗಂಧಕ 2.6 ಲಕ್ಷ ಟನ್ ಮಾತ್ರ. ಕ್ಯಾಸ್ಪಿಯನ್ ಕಡೆಯ ತೆಂಗಿಜ್ ತೈಲಬಾವಿಗಳಲ್ಲಿ ಗಂಧಕ ಉಪೋತ್ಪನ್ನವಾಗಿ ಸಿಗುತ್ತದೆ. ಅದು ಗಟ್ಟಿ ಪದಾರ್ಥ, ಸೋರುವ ಭಯವಿಲ್ಲ. ಮೂರು ವ್ಯಾಗನ್ ಆಸಿಡ್ ಬರಬೇಕಾದ ಕಡೆ ಒಂದು ವ್ಯಾಗನ್ ಹಳದಿ ಗಂಧಕ ಬಂದರೆ ಸಾಕು, ಸುಡುವಾಗ ಹೊಮ್ಮುವ ಕಾವಿನಿಂದ ಕರೆಂಟೂ ಹುಟ್ಟುತ್ತದೆ.