ವಿಮಾನಯಾನದ ದೂರ ಮತ್ತು ಕಾಲ: ಹುಬ್ಬಳ್ಳಿ–ಮಂಗಳೂರು ಮಾರ್ಗದ ಲೆಕ್ಕಾಚಾರ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಅವಧಿಯನ್ನು ಮಾತ್ರ ನೋಡಿ ಪ್ರಯಾಣವನ್ನು ಯೋಜಿಸುವ ವ್ಯಾಪಾರಸ್ಥರು ಅನೇಕ ಸಲ ನಿರೀಕ್ಷಿಸಿದ ಲಾಭವನ್ನು ಪಡೆಯುವುದಿಲ್ಲ. ಈ ಲೆಕ್ಕವನ್ನು ಸರಿಯಾಗಿ ಮಾಡುವ ಕ್ರಮವನ್ನು ಹುಬ್ಬಳ್ಳಿ ಹಾಗೂ ಮಂಗಳೂರು ನಿಲ್ದಾಣಗಳ ಉದಾಹರಣೆಯಿಂದ ತಿಳಿಯಬಹುದು.

ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ಕಲೆಗಳಿದ್ದು, ಒಂದು ಕಲೆಯ ಅಂತರವು ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಆಗುತ್ತದೆ. ಹುಬ್ಬಳ್ಳಿ ನಿಲ್ದಾಣವು ಸುಮಾರು 15 ಡಿಗ್ರಿ 22 ಕಲೆ, ಮಂಗಳೂರಿನ ಬಜ್ಪೆ ನಿಲ್ದಾಣವು 12 ಡಿಗ್ರಿ 58 ಕಲೆ ಉತ್ತರ ಅಕ್ಷಾಂಶದಲ್ಲಿವೆ. ಅಂತರ 144 ಕಲೆ. ರೇಖಾಂಶದ ಅಲ್ಪ ವ್ಯತ್ಯಾಸವನ್ನೂ ಸೇರಿಸಿದರೆ ನೇರ ದೂರ ಸುಮಾರು 268 ಕಿ.ಮೀ. ಘಟ್ಟ, ತಿರುವುಗಳಿಂದ ಕೂಡಿದ ರಸ್ತೆಯ ದೂರವಾದರೋ 350 ಕಿ.ಮೀ.ಗಿಂತ ಹೆಚ್ಚು.

ಪ್ರಾದೇಶಿಕ ಮಾರ್ಗಗಳಲ್ಲಿ ಬಳಸುವ ಎಟಿಆರ್-72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಈ ವೇಗದಲ್ಲಿ 268 ಕಿ.ಮೀ.ಗೆ 32 ನಿಮಿಷ ಸಾಕು. ಆದರೆ ಏರುವಾಗ ಮತ್ತು ಇಳಿಯುವಾಗ ವೇಗ ಕಡಿಮೆ. ರನ್‌ವೇವರೆಗಿನ ಚಲನೆಗೂ ಸಮಯ ಬೇಕು. ಆದುದರಿಂದ ಇಂತಹ ಹಾರಾಟಕ್ಕೆ ಸುಮಾರು ಒಂದು ಗಂಟೆಯನ್ನು ಹಿಡಿಯುವುದು ಯುಕ್ತ. ನೇರ ವಿಮಾನ ಲಭ್ಯವಿಲ್ಲದೆ ಬೆಂಗಳೂರಿನ ಮೂಲಕ ಹೋಗಬೇಕಾದರೆ ವಾಯುದೂರವೇ 370 ಮತ್ತು 306 ಸೇರಿ ಸುಮಾರು 676 ಕಿ.ಮೀ. ಆಗಿ, ನಡುವಿನ ಕಾಯುವಿಕೆಯೂ ಸೇರಿಕೊಳ್ಳುತ್ತದೆ. ಆದ್ದರಿಂದ ಟಿಕೆಟು ಕಾದಿರಿಸುವ ಮೊದಲು ವೇಳಾಪಟ್ಟಿಯನ್ನು ಪರಿಶೀಲಿಸುವುದು ಅಗತ್ಯ.

ಈಗ ಯಲ್ಲಾಪುರ ತಾಲ್ಲೂಕಿನ ಇಡಗುಂದಿಯ ಅಡಿಕೆ ವ್ಯಾಪಾರಿಯೊಬ್ಬರು ಮಂಗಳೂರಿನ ಮಾರುಕಟ್ಟೆಗೆ ಹೊರಟರೆಂದು ಭಾವಿಸೋಣ. ಹುಬ್ಬಳ್ಳಿ ನಿಲ್ದಾಣ ತಲುಪಲು ಸುಮಾರು 2 ಗಂಟೆ, ತಪಾಸಣೆಗಾಗಿ ಒಂದೂವರೆ ಗಂಟೆ, ನೇರ ಹಾರಾಟ ಒಂದು ಗಂಟೆ, ಬಜ್ಪೆಯಿಂದ ನಗರಕ್ಕೆ ಒಂದು ಗಂಟೆ. ಒಟ್ಟು ಐದೂವರೆ ಗಂಟೆ. ಅಂಕೋಲಾ ಮಾರ್ಗವಾಗಿ ಕಾರಿನಲ್ಲಿ ಹೋದರೆ ಸುಮಾರು 6 ಗಂಟೆ. ಉಳಿತಾಯ ಕೇವಲ ಅರ್ಧ ಗಂಟೆ! ಅದೇ ವ್ಯಾಪಾರಿ ಬೆಂಗಳೂರಿಗೆ ಹೋಗುವುದಾದರೆ ರಸ್ತೆಯಲ್ಲಿ 9 ಗಂಟೆಯಷ್ಟು ಹಿಡಿಯುವ ಪ್ರಯಾಣ ವಿಮಾನದಿಂದ ಆರೂಕಾಲು ಗಂಟೆಗೆ ಇಳಿಯಬಹುದು. ಹುಬ್ಬಳ್ಳಿಯಲ್ಲೇ ಇರುವ ಸಣ್ಣ ಕೈಗಾರಿಕೋದ್ಯಮಿಗೆ ಮಂಗಳೂರಿನ ನೇರ ವಿಮಾನವೂ ಸುಮಾರು ಮೂರು ಗಂಟೆಗಳನ್ನು ಉಳಿಸೀತು.

ಮಳೆಗಾಲದಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. 2021ರ ಜುಲೈನಲ್ಲಿ ಅರಬೈಲು ಘಟ್ಟದಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಸಂಚಾರ ಸ್ಥಗಿತಗೊಂಡಿತು. ಶಿರೂರಿನ ದುರಂತದಲ್ಲಿ ಜೀವಹಾನಿಯೂ ಸಂಭವಿಸಿತು. ಇಂತಹ ದಿನಗಳಲ್ಲಿ ಅರ್ಧ ಗಂಟೆಯ ಉಳಿತಾಯಕ್ಕಿಂತ ಬದಲಿ ದಾರಿಯೊಂದು ಇರುವುದೇ ಮುಖ್ಯವಾಗುತ್ತದೆ. ಆದರೆ ಮೂಟೆಗಟ್ಟಲೆ ಅಡಿಕೆಗೆ ಲಾರಿಯೇ ಗತಿ. ವಿಮಾನವು ವ್ಯಾಪಾರಿಯನ್ನು, ಮಾದರಿಯನ್ನು, ತುರ್ತು ಬಿಡಿಭಾಗವನ್ನು ಮಾತ್ರ ಸಾಗಿಸೀತು.

ಆದ ಕಾರಣ, ಉದ್ಯಮಿಗಳು ನಿಲ್ದಾಣದಿಂದ ನಿಲ್ದಾಣಕ್ಕಲ್ಲದೆ ತಮ್ಮ ಅಂಗಡಿಯ ಬಾಗಿಲಿನಿಂದ ಗ್ರಾಹಕನ ಬಾಗಿಲಿನವರೆಗಿನ ಕಾಲವನ್ನು ಎಣಿಸಿ, ಅದನ್ನು ಟಿಕೆಟಿನ ದರದೊಡನೆ ತೂಗಿ ನೋಡಿ ನಿರ್ಧರಿಸುವುದು ಲೇಸು.