ನಿಲ್ಲುವ ಜಾಗ ಮೊದಲು, ಲೆನ್ಸ್ ಆಮೇಲೆ

1838ರಲ್ಲಿ ಪ್ಯಾರಿಸ್ಸಿನ ಲೂಯಿ ದಾಗೆರ್ ತನ್ನ ಕಿಟಕಿಯಿಂದ ಕೆಳಗಿನ ಬೀದಿಯ ಚಿತ್ರ ತೆಗೆದ. ಬೂಲೆವಾರ್ ದು ತಾಂಪ್ಲ್ ಎಂಬ ಆ ಬೀದಿ ಕುದುರೆಗಾಡಿ, ಜನ, ಅಂಗಡಿಗಳಿಂದ ಸದಾ ಗಿಜಿಗುಡುವಂಥದ್ದು. ಚಿತ್ರದಲ್ಲಿ ಮಾತ್ರ ಅದು ಬಿಕೋ ಎನ್ನುತ್ತದೆ. ಓಡಾಡಿದ ಗಾಡಿಗಳಾಗಲಿ ಮನುಷ್ಯರಾಗಲಿ ಒಂದೂ ದಾಖಲಾಗಿಲ್ಲ. ಒಂದು ಮೂಲೆಯಲ್ಲಿ ಬೂಟು ಉಜ್ಜಿಸಿಕೊಳ್ಳುತ್ತ ಕಾಲು ಎತ್ತಿಟ್ಟು ನಿಂತಿದ್ದವನೊಬ್ಬ ಮಾತ್ರ, ಹಾಗೆ ಅಲುಗಾಡದೆ ನಿಂತಿದ್ದರಿಂದಲೇ, ಫಲಕದ ಮೇಲೆ ಉಳಿದುಕೊಂಡ. ಫೋಟೋದಲ್ಲಿ ಸಿಕ್ಕಿದ ಮೊದಲ ಮನುಷ್ಯ ಅವನೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಬೀದಿ ಖಾಲಿಯಾದದ್ದಕ್ಕೆ ಎರಡು ಕಾರಣ. ಬೆಳ್ಳಿಯ ಫಲಕ ಬೆಳಕಿಗೆ ಸ್ಪಂದಿಸಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಜೊತೆಗೆ ಲೆನ್ಸ್ ಒಳಗೆ ಬಿಡುತ್ತಿದ್ದ ಬೆಳಕೇ ಕಡಿಮೆ. ಮರುವರ್ಷ ದಾಗೆರ್‌ನ ಕ್ಯಾಮೆರಾ ಮಾರಾಟಕ್ಕೆ ಬಂದಾಗ ಅದರಲ್ಲಿದ್ದುದು ಷಾರ್ಲ್ ಶೆವಾಲಿಯೆ ಮಾಡಿದ, ಎರಡು ಗಾಜುಗಳನ್ನು ಅಂಟಿಸಿದ ಲೆನ್ಸ್. ಚಿತ್ರ ಹರಿತವಾಗಿ ಬರಲಿ ಎಂದು ಅದರ ಮುಂದೆ ಸಣ್ಣ ಕಿಂಡಿ ಇಟ್ಟಿದ್ದರು. ಇಂದಿನ ಲೆಕ್ಕದಲ್ಲಿ ಅದು ಸುಮಾರು ಎಫ್/16; ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಕಟ್ಟಡಕ್ಕೆ, ಬಯಲಿಗೆ ಅಷ್ಟು ಸಾಕು. ಜನರಿಗೆ ಬೇಕಾಗಿದ್ದುದು ಮಾತ್ರ ತಮ್ಮ ಮುಖ, ಮಕ್ಕಳ ಮುಖ. ಬಿಸಿಲಿನಲ್ಲಿ ಕಣ್ಣು ಮಿಟುಕಿಸದೆ ಅಷ್ಟು ಹೊತ್ತು ಕೂರುವವರು ಯಾರು?

ಯಾವ ಲೆನ್ಸ್ ಕೊಳ್ಳಲಿ ಎಂದು ಇಂದು ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ತಲೆ ಕೆಡಿಸಿಕೊಳ್ಳುವವರಿಗೆ ಆ ಕಪಾಟಿನಲ್ಲಿರುವ ಒಂದೊಂದರ ಹುಟ್ಟೂ ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಎಲ್ಲೋ ಒಂದು ಕೆಲಸ ನಿಂತುಹೋಯಿತು, ಅದನ್ನು ಮುಂದೆ ಸಾಗಿಸಲು ಒಂದು ಲೆನ್ಸ್ ಬಂತು. ಈ ನೂರೆಂಬತ್ತು ವರ್ಷಗಳ ಕಥೆ ಹೆಚ್ಚುಕಡಿಮೆ ಇಷ್ಟೇ.

ಮುಖದ ಕೆಲಸವನ್ನು ಸಾಗಿಸಿದವನು ವಿಯೆನ್ನಾ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್. ಅವನ ಸಹೋದ್ಯೋಗಿ ಎಟಿಂಗ್ಸ್‌ಹೌಸನ್ ಪ್ಯಾರಿಸ್ಸಿನಲ್ಲಿ ದಾಗೆರ್‌ನ ವಿಧಾನ ನೋಡಿ ಬಂದು, ಹೆಚ್ಚು ಬೆಳಕು ತರುವ ಲೆನ್ಸ್ ಬೇಕಾಗಿದೆ ಎಂದು ಹೇಳಿದ. ಅಲ್ಲಿಯವರೆಗೆ ಲೆನ್ಸ್ ಮಾಡುವುದೆಂದರೆ ಹೆಚ್ಚಾಗಿ ಗಾಜು ಉಜ್ಜಿ ನೋಡುವುದು, ಸರಿಬರದಿದ್ದರೆ ಮತ್ತೆ ಉಜ್ಜುವುದು. ಪೆಟ್ಸ್‌ವಾಲ್ ಗಾಜು ಮುಟ್ಟುವ ಮೊದಲೇ ಎಲ್ಲವನ್ನೂ ಕಾಗದದ ಮೇಲೆ ಲೆಕ್ಕ ಹಾಕಲು ಕೂತ. ಒಂದು ಕಿರಣ ಮೊದಲ ಗಾಜಿನ ಮೈಗೆ ಬಡಿದಾಗ ಎಷ್ಟು ಬಾಗುತ್ತದೆ, ಎರಡನೆಯದರಲ್ಲಿ ಎಷ್ಟು, ಮೂರನೆಯದರಲ್ಲಿ ಎಷ್ಟು ಎಂದು ಲಾಗರಿದಮ್ ಕೋಷ್ಟಕ ಹಿಡಿದು ಗುಣಿಸುತ್ತ ಹೋಗಬೇಕು. ಆಮೇಲೆ ಗಾಜಿನ ಬಾಗನ್ನು ಕೂದಲೆಳೆಯಷ್ಟು ಬದಲಿಸಿ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡಬೇಕು. ಒಬ್ಬನಿಂದ ಮುಗಿಯುವ ಕೆಲಸವಲ್ಲ. ಆಗ ಆಸ್ಟ್ರಿಯಾದ ರಾಜಕುಮಾರ ಲೂಡ್ವಿಗ್ ಫಿರಂಗಿ ದಳದ ಸೈನಿಕರನ್ನು ಅವನ ಕೈಗೆ ಕೊಟ್ಟ. ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ ಪಳಗಿದ್ದ ಆ ಸಿಪಾಯಿಗಳು ಬೆಳಕಿನ ಕಿರಣ ಎಲ್ಲಿ ಬೀಳುತ್ತದೆಂದು ಗುಣಾಕಾರ, ಭಾಗಾಕಾರ ಮಾಡಿದರು.

ಅದರ ಫಲವಾಗಿ 1840ರಲ್ಲಿ ಬಂದ ಲೆನ್ಸಿನಲ್ಲಿ ನಾಲ್ಕು ಗಾಜುಗಳಿದ್ದವು, ಕಿಂಡಿ ಎಫ್/3.6ರ ಆಸುಪಾಸು. ಶೆವಾಲಿಯೆಯ ಲೆನ್ಸಿಗಿಂತ ಹತ್ತಿರಹತ್ತಿರ ಇಪ್ಪತ್ತು ಪಟ್ಟು ಬೆಳಕು! ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯುವ ದಾರಿ ತೆರೆಯಿತು. ಪ್ರಪಂಚದ ಊರೂರಿನಲ್ಲಿ ಫೋಟೋ ಸ್ಟುಡಿಯೋಗಳು ಏಳಲು ಈ ಲೆನ್ಸ್ ದೊಡ್ಡ ಕಾರಣ. ಇದನ್ನು ಮಾಡಿ ಮಾರಿದ ಫೋಯ್ಕ್ಟ್‌ಲೆಂಡರ್ ಕಂಪನಿ ಶ್ರೀಮಂತವಾಯಿತು. ಪೆಟ್ಸ್‌ವಾಲ್‌ಗೆ ಸಿಕ್ಕಿದ್ದು ಒಂದೇ ಸಲದ ಹಣ, ಆಮೇಲೆ ಆ ಕಂಪನಿಯೊಂದಿಗೆ ಮುಗಿಯದ ಜಗಳ. ಫೋಟೋಗ್ರಫಿಗೆ ಇಷ್ಟು ದೊಡ್ಡ ಉಪಕಾರ ಮಾಡಿದವನ ಹೆಸರು ನಮ್ಮ ಕ್ಯಾಮೆರಾ ಹಿಡಿಯುವವರಿಗೆ ಇನ್ನೂ ಚೆನ್ನಾಗಿ ಪರಿಚಯವಾಗಬೇಕು.

ಆ ಲೆನ್ಸಿಗೊಂದು ಕುಂದೂ ಇತ್ತು. ನಡುವೆ ಹರಿತ, ಅಂಚಿಗೆ ಹೋದಂತೆ ಎಲ್ಲ ಕಲಸಿ ಸುಳಿಯಂತೆ ತಿರುಗುತ್ತದೆ. ಮುಖ ಇರುವುದು ನಡುವೆ; ಅಂಚಿನ ಪರದೆ, ಕುರ್ಚಿ ಕರಗಿಹೋದರೆ ನಷ್ಟವೇನಿಲ್ಲ. ಕುಂದೇ ಮುಖದ ಚಿತ್ರಕ್ಕೆ ಸೊಗಸಾಯಿತು. ಹಿನ್ನೆಲೆ ಮಸುಕಾಗಬೇಕು ಎಂದು ಇಂದು ಮದುವೆಮನೆಯ ಫೋಟೋಗ್ರಾಫರ್‌ಗಳು 85 ಮಿ.ಮೀ. ಲೆನ್ಸಿಗೆ ದುಡ್ಡು ಸುರಿಯುವ ರುಚಿಯ ಬೇರು ಇಲ್ಲೇ ಇದೆ. 2013ರಲ್ಲಿ ವಿಯೆನ್ನಾದ ಲೋಮೋಗ್ರಫಿ ಸಂಸ್ಥೆ ಜನರಿಂದಲೇ ಹಣ ಕೂಡಿಸಿ ಪೆಟ್ಸ್‌ವಾಲ್ ಮಾದರಿಯ ಹಿತ್ತಾಳೆಯ ಲೆನ್ಸನ್ನು ಮತ್ತೆ ಮಾಡಿಸಿ ಮಾರಿತು.

ಇದೇ ಲೆನ್ಸನ್ನು ದೇವಸ್ಥಾನದ ಮುಂದೆ ಹಿಡಿದರೆ ಏನಾಗುತ್ತದೆ? ನಡುವಿನ ಬಾಗಿಲು ಕಾಣುತ್ತದೆ, ಗೋಪುರ ಕಲಸಿಹೋಗುತ್ತದೆ. ಹಾಗಾಗಿ ಕಟ್ಟಡ, ಬೆಟ್ಟ ತೆಗೆಯುವವರು ಹಳೆಯ ನಿಧಾನದ ಲೆನ್ಸನ್ನೇ ಇಟ್ಟುಕೊಂಡರು. ಕೆಲಸ ನೋಡಿ ಲೆನ್ಸ್ ಆರಿಸುವ ಪದ್ಧತಿ ಶುರುವಾದದ್ದು ಆಗ.

ನಮ್ಮ ನಾಡು ಈ ಕಥೆಯೊಳಗೆ ಬರುವುದೂ ಕಟ್ಟಡಗಳ ಮೂಲಕವೇ. 1854ರ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಲಿನೇಯಸ್ ಟ್ರೈಪ್ ಹಳೇಬೀಡಿಗೆ ಕ್ಯಾಮೆರಾ ತಂದ. 1856ರಲ್ಲಿ ಅದೇ ಕಂಪನಿಯ ಇನ್ನೊಬ್ಬ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಚಿತ್ರಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಹಂಪಿಯ ಕಲ್ಲು ಅಲುಗಾಡುವುದಿಲ್ಲ, ಬಿಸಿಲಿಗೂ ಬರವಿಲ್ಲ. ನಿಧಾನದ ಲೆನ್ಸಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೆ? ಆ ಚಿತ್ರಗಳಲ್ಲಿ ವಿಠಲ ದೇವಸ್ಥಾನದ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಐವತ್ತು ರೂಪಾಯಿ ನೋಟಿನಲ್ಲಿ ನಾವು ಕಾಣುವ ರಥಕ್ಕೆ ಅದಿಲ್ಲ.

1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೊಲಿಂಗ್ಸ್ ಗ್ರೀನ್‌ಲಾ ತೆಗೆದ ಚಿತ್ರಗಳನ್ನು ಅದೇ ಜಾಗಗಳಿಂದ ಮತ್ತೆ ತೆಗೆದರು. ಲೆನ್ಸ್ ಆರಿಸುವ ಎಲ್ಲರೂ ಈ ಕೆಲಸವನ್ನು ಒಮ್ಮೆ ಮನಸ್ಸಿನಲ್ಲೇ ಮಾಡಿ ನೋಡಬೇಕು. ಹಳೆಯ ಚಿತ್ರದಲ್ಲಿ ಮುಂದಿನ ಕಂಬ ಹಿಂದಿನ ಮಂಟಪದ ಎಷ್ಟು ಭಾಗವನ್ನು ಮುಚ್ಚಿದೆ, ಅದರ ಪಕ್ಕದಲ್ಲಿ ಬೆಟ್ಟ ಎಷ್ಟು ಎತ್ತರಕ್ಕೆ ಕಾಣುತ್ತದೆ ಎಂಬುದನ್ನು ತೀರ್ಮಾನಿಸುವುದು ಕ್ಯಾಮೆರಾ ನಿಂತ ಜಾಗ. ಆ ಜಾಗ ತಪ್ಪಿದರೆ ಎಷ್ಟೇ ಬೆಲೆಯ ಲೆನ್ಸ್ ಹಾಕಿದರೂ ಕಂಬವೂ ಬೆಟ್ಟವೂ ಹಳೆಯ ಚಿತ್ರದಂತೆ ಕೂಡಿಬರುವುದಿಲ್ಲ. ಜಾಗ ಸಿಕ್ಕಮೇಲೆ ಲೆನ್ಸ್ ಮಾಡುವುದು ಒಂದೇ ಕೆಲಸ: ಅಲ್ಲಿಂದ ಕಾಣುವುದರಲ್ಲಿ ಎಷ್ಟನ್ನು ಚೌಕಟ್ಟಿನೊಳಗೆ ತರಬೇಕು ಎಂಬುದು. ಅಗಲ ನೋಡುವ ವೈಡ್ ಲೆನ್ಸ್ ಹಾಕಿದರೆ ಮೂಗು ದೊಡ್ಡದಾಗುತ್ತದೆ, ದೂರದ್ದನ್ನು ಹಿಡಿಯುವ ಟೆಲಿ ಹಾಕಿದರೆ ಬೆಟ್ಟ ಹತ್ತಿರ ಬರುತ್ತದೆ ಎಂಬ ಮಾತು ರೂಢಿಯಲ್ಲಿದೆ. ಮೂಗು ದೊಡ್ಡದಾಗುವುದು ನಾವು ಮುಖಕ್ಕೆ ಒಂದೂವರೆ ಅಡಿಯಷ್ಟು ಹತ್ತಿರ ಹೋಗಿ ನಿಲ್ಲುವುದರಿಂದ. ಐದಾರು ಅಡಿ ಹಿಂದೆ ಸರಿದರೆ ಮೂಗು, ಕಿವಿ, ಗಲ್ಲ ಎಲ್ಲ ನಾವು ದಿನವೂ ನೋಡುವ ಅಳತೆಗೆ ಬರುತ್ತವೆ. ಅಲ್ಲಿಂದ ಮುಖ ಮತ್ತು ಭುಜ ಚೌಕಟ್ಟು ತುಂಬಲು 85 ಮಿ.ಮೀ. ಬೇಕಾಗುತ್ತದೆ.

ಕಟ್ಟಡದವರಿಗೆ ಇನ್ನೆರಡು ತೊಡಕು ಉಳಿದಿದ್ದವು. ಹಳೆಯ ಲೆನ್ಸಿನಲ್ಲಿ ಅಂಚಿನ ಕಂಬಗಳು ಬಿಲ್ಲಿನಂತೆ ಬಾಗುತ್ತಿದ್ದವು. 1866ರಲ್ಲಿ ಲಂಡನ್ನಿನ ಡಾಲ್‌ಮೇಯರ್ ಮತ್ತು ಮ್ಯೂನಿಕ್‌ನ ಸ್ಟೈನ್‌ಹೈಲ್ ಬೇರೆಬೇರೆಯಾಗಿಯೇ ಒಂದೇ ಉಪಾಯ ಕಂಡುಕೊಂಡರು: ಒಂದೇ ತರಹದ ಎರಡು ಜೋಡಿ ಗಾಜನ್ನು ಕಿಂಡಿಯ ಆಚೆ ಈಚೆ ಎದುರುಬದುರಾಗಿ ಇಟ್ಟರೆ ಮುಂದಿನದು ಮಾಡಿದ ಬಾಗನ್ನು ಹಿಂದಿನದು ಅಳಿಸುತ್ತದೆ. ಎರಡನೆಯದು ಇಕ್ಕಟ್ಟಿನ ತೊಡಕು. ಹಿಂದೆ ಸರಿಯಲು ಜಾಗವೇ ಇಲ್ಲದ ಓಣಿಯಲ್ಲಿ, ಗರ್ಭಗುಡಿಯ ಮುಂದಿನ ಮಂಟಪದಲ್ಲಿ ಏನು ಮಾಡುವುದು? 1900ರಲ್ಲಿ ಬರ್ಲಿನ್ನಿನ ಗೋರ್ಟ್ಸ್ ಕಂಪನಿ ಹೈಪರ್‌ಗಾನ್ ಎಂಬ ಲೆನ್ಸ್ ತಂದಿತು. ಸುಮಾರು 130 ಡಿಗ್ರಿ ಅಗಲ ನೋಡುವ ಎರಡೇ ತೆಳು ಗಾಜು. ಅಷ್ಟು ಅಗಲವಾದಾಗ ನಡುವೆ ಬೆಳಕು ಹೆಚ್ಚಾಗಿ ಮೂಲೆಗಳು ಕಪ್ಪಾಗುತ್ತಿದ್ದವು. ಅದಕ್ಕಾಗಿ ಲೆನ್ಸಿನ ಮುಂದೆ ಹಲ್ಲುಹಲ್ಲಿನ ನಕ್ಷತ್ರದಂಥ ಪುಟ್ಟ ಚಕ್ರ ಕೂರಿಸಿದ್ದರು. ಫೋಟೋಗ್ರಾಫರ್ ರಬ್ಬರ್ ಬುರುಡೆ ಹಿಸುಕಿ ಗಾಳಿ ಊದಿದರೆ ಅದು ಗಿರ್ರನೆ ತಿರುಗಿ ನಡುವಿನ ಬೆಳಕನ್ನು ತಡೆಯುತ್ತಿತ್ತು; ಕೊನೆಗೆ ಅದನ್ನು ಕೆಳಗೆ ಬೀಳಿಸಿ ನಡುಭಾಗಕ್ಕೂ ಒಂದಿಷ್ಟು ಬೆಳಕು ಕೊಡಬೇಕು. ಇದನ್ನು ಯೋಚಿಸಿದವರ ಜಾಣ್ಮೆಗೆ ಕೈ ಮುಗಿಯಬೇಕು. ಗೋಪುರ ತೆಗೆಯಲು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಗೋಪುರ ಹಿಂದಕ್ಕೆ ಬೀಳುವಂತೆ ಕಾಣುತ್ತದಲ್ಲ, ಅದಕ್ಕೆ ಹಳೆಯ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸುವ ಅನುಕೂಲವಿತ್ತು. 1962ರಲ್ಲಿ ನಿಕಾನ್ ಅದನ್ನು 35 ಮಿ.ಮೀ.ನ ಸಣ್ಣ ಲೆನ್ಸಿಗೆ ಇಳಿಸಿತು.

ಈ ನಡುವೆ ಗಾಜೇ ಬದಲಾಗಿತ್ತು. 1884ರಲ್ಲಿ ಯೆನಾ ಊರಿನಲ್ಲಿ ಒಟ್ಟೊ ಶಾಟ್, ಅರ್ನ್ಸ್ಟ್ ಆಬೆ, ಕಾರ್ಲ್ ಝೈಸ್ ಸೇರಿ ಕಟ್ಟಿದ ಗಾಜಿನ ಕಾರ್ಖಾನೆ ಬೇರಿಯಂನಂಥ ಹೊಸ ವಸ್ತುಗಳನ್ನು ಬೆರೆಸಿ ಹಿಂದೆಂದೂ ಇಲ್ಲದ ಗುಣದ ಗಾಜುಗಳನ್ನು ಕೊಟ್ಟಿತು. ಅದರ ಬಲದಿಂದ ಬಂದ ಝೈಸ್‌ನ ಲೆನ್ಸ್‌ಗಳಲ್ಲಿ 1902ರ ಟೆಸ್ಸಾರ್‌ನಷ್ಟು ಬಾಳಿದ್ದು, ನಕಲಾದದ್ದು ಕಡಿಮೆ.

ದೂರದ್ದನ್ನು ದೊಡ್ಡದಾಗಿ ತೆಗೆಯುವ ಟೆಲಿಫೋಟೋ ಲೆನ್ಸ್ 1891ರಲ್ಲಿ ಇಂಗ್ಲೆಂಡ್, ಜರ್ಮನಿಗಳ ಮೂವರಿಗೆ ಒಂದೇ ವರ್ಷ ಹೊಳೆಯಿತು. ಹಿಂಭಾಗದಲ್ಲಿ ಬೆಳಕನ್ನು ಹರಡುವ ಗಾಜು ಇಟ್ಟು ಉದ್ದದ ಕೊಳವೆಯನ್ನು ಗಿಡ್ಡ ಮಾಡಿದ್ದೇ ಅದರ ಗುಟ್ಟು. ಗಿಡ್ಡವಾಯಿತು, ಆದರೆ ಹಗುರವಾಗಲಿಲ್ಲ. ಯಾಕೆಂದು ಲೆಕ್ಕ ಹಾಕಿ ನೋಡಿ. ಎಫ್ ಸಂಖ್ಯೆ ಎಂದರೆ ಲೆನ್ಸಿನ ಫೋಕಲ್ ಲೆಂತ್ ಅನ್ನು ಕಿಂಡಿಯ ಅಗಲದಿಂದ ಭಾಗಿಸಿದ್ದು. 50 ಮಿ.ಮೀ. ಎಫ್/1.8 ಲೆನ್ಸಿಗೆ ಬೇಕಾದ ಕಿಂಡಿ 28 ಮಿ.ಮೀ.; ಜೇಬಿಗೆ ಹಾಕಿಕೊಳ್ಳಬಹುದು. 500 ಮಿ.ಮೀ. ಎಫ್/4ಕ್ಕೆ 125 ಮಿ.ಮೀ. ಬೇಕು. ಮುಂದಿನ ಗಾಜು ಅದಕ್ಕಿಂತ ಸಣ್ಣದಾಗುವಂತಿಲ್ಲ. ರಂಗನತಿಟ್ಟಿನ ದೋಣಿಯಲ್ಲಿ, ಕಬಿನಿಯ ಜೀಪಿನಲ್ಲಿ ಜನ ಮೂರು ಕಿಲೋ ಭಾರದ, ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಹೊತ್ತು ಕೂರುವುದಕ್ಕೆ ಈ ಭಾಗಾಕಾರವೇ ಕಾರಣ. ಬೆಳಕಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಎಫ್/6.3ಕ್ಕೆ ಇಳಿದರೆ ಭಾರವೂ ಬೆಲೆಯೂ ಬಹಳ ತಗ್ಗುತ್ತವೆ. ಬೆಳಗಿನ ಬಿಸಿಲಿನ ಹಕ್ಕಿಗೆ ಅದು ಧಾರಾಳ ಸಾಕು.

ಕಾಡುಪ್ರಾಣಿಗಳ ಚಿತ್ರಕ್ಕೆ ಹೆಸರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆ ಅವರ ಕಾಲದಲ್ಲಿ ಈ ಸೌಕರ್ಯವೆಲ್ಲ ಇರಲಿಲ್ಲ. ಫಿಲ್ಮ್ ನಿಧಾನ, ಫೋಕಸ್ ಕೈಯಲ್ಲೇ ತಿರುಗಿಸಬೇಕು. ಪ್ರಾಣಿಯ ನಡವಳಿಕೆ ತಿಳಿದು, ಅದು ಬರುವ ಜಾಗ ಊಹಿಸಿ, ಕಾದು ಕೂರುವುದೇ ಅವರ ದೊಡ್ಡ ಸಲಕರಣೆ. ಹಾಗೆಂದು ಹಳೆಯದೆಲ್ಲ ಮೇಲು ಎನ್ನಲಾರೆ. ಉದ್ದ ಲೆನ್ಸ್ ಬಂದದ್ದರಿಂದ ಹಕ್ಕಿಯ ಗೂಡಿನ ಹತ್ತಿರ ಹೋಗದೆಯೇ ಚಿತ್ರ ತೆಗೆಯಬಹುದು. ಆ ದೂರ ಹಕ್ಕಿಗೆ ನಾವು ಸಲ್ಲಿಸುವ ಮರ್ಯಾದೆ. ಲೆನ್ಸ್ ಸಾಲದು ಎಂದು ಗೂಡಿಗೆ ಕೈಯೆಟುಕುವಷ್ಟು ಹತ್ತಿರ ನುಗ್ಗುವವರು ಕ್ಯಾಮೆರಾ ಕೆಳಗಿಡಬೇಕು.

ಬೀದಿಯ ಬದುಕಿಗೆ ದಾರಿ ಮಾಡಿದ್ದು 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ. ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನೇ ಬಳಸಿ ಅಂಗೈಯಗಲದ ಕ್ಯಾಮೆರಾ ಮಾಡಿದ. ಮ್ಯಾಕ್ಸ್ ಬೆರೆಕ್ ಅದಕ್ಕೆ 50 ಮಿ.ಮೀ. ಲೆನ್ಸ್ ರೂಪಿಸಿದ. 24 ಮತ್ತು 36 ಮಿ.ಮೀ. ಅಳತೆಯ ಆ ಚೌಕಟ್ಟಿನ ಕರ್ಣ 43 ಮಿ.ಮೀ. ಆದ್ದರಿಂದ 50 ಅದಕ್ಕೆ ಸಹಜವಾಗಿ ಹೊಂದಿತು. ಫ್ರಾನ್ಸಿನ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೆ ಬ್ರೆಸೋನ್ ತನ್ನ ಬಹುಪಾಲು ಚಿತ್ರಗಳನ್ನು ಆ ಒಂದೇ ಅಳತೆಯ ಲೆನ್ಸಿನಲ್ಲಿ ತೆಗೆದ. ಇಂದಿನ ಫುಲ್ ಫ್ರೇಮ್ ಎಂಬುದು ಬಾರ್ನಾಕ್‌ನ ಆ ಚೌಕಟ್ಟೇ. ಅಗ್ಗದ ಬಾಡಿಗಳ ಸೆನ್ಸರ್ ಅದಕ್ಕಿಂತ ಸಣ್ಣದು, ಅಲ್ಲಿ 50 ಮಿ.ಮೀ. ಲೆನ್ಸ್ 75ರಂತೆ ಕೆಲಸ ಮಾಡುತ್ತದೆ. ಕೊಳ್ಳುವಾಗ ಇದೊಂದನ್ನು ಮರೆಯಬಾರದು.

ಎಲ್ಲ ಅಳತೆಗಳನ್ನೂ ಒಂದೇ ಕೊಳವೆಯಲ್ಲಿ ತುಂಬುವ ಝೂಮ್ ಸ್ಟಿಲ್ ಕ್ಯಾಮೆರಾಕ್ಕೆ ಬಂದದ್ದು 1959ರಲ್ಲಿ, ಪೆಟ್ಸ್‌ವಾಲ್‌ನ ಲೆನ್ಸ್ ಮಾರಿದ ಅದೇ ಫೋಯ್ಕ್ಟ್‌ಲೆಂಡರ್ ಹೆಸರಿನಲ್ಲಿ. ಅದು ಸಾಧ್ಯವಾಗಲು ಇನ್ನೊಂದು ಶೋಧ ಬೇಕಾಗಿತ್ತು. ಗಾಜಿನ ಪ್ರತಿ ಮೈಯೂ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆ ಎರಚುತ್ತದೆ. ಇಪ್ಪತ್ತು ಮೈ ದಾಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಬೆಳಕು ಸೋರಿಹೋಗುತ್ತದೆ. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕಂಡುಹಿಡಿದ ತೆಳು ಲೇಪನ ಈ ಸೋರಿಕೆಯನ್ನು ತಡೆಯಿತು. ಲೆನ್ಸಿನ ಮೇಲೆ ನೇರಳೆ, ಹಸಿರು ಛಾಯೆ ಮಿಂಚುವುದು ಅದರಿಂದಲೇ. ಫಿರಂಗಿ ಸಿಪಾಯಿಗಳ ಲೆಕ್ಕವನ್ನು ಮುಂದೆ ಕಂಪ್ಯೂಟರ್ ವಹಿಸಿಕೊಂಡಿತು, ಝೂಮ್‌ಗಳು ಒಂದೇ ಅಳತೆಯ ಪ್ರೈಮ್ ಲೆನ್ಸ್‌ಗಳಿಗೆ ಸರಿಸಾಟಿಯಾದವು.

ಹಾಗಾದರೆ ಇಂದು ಏನು ಕೊಳ್ಳಬೇಕು? ಬಾಡಿಯ ಜೊತೆ ಬರುವ 18–55ರ ಲೆನ್ಸ್ ಉದ್ದಕ್ಕೆ ಎಳೆದಾಗ ಎಫ್/5.6. ಕರಾವಳಿಯ ಬಯಲಾಟದ ರಂಗಸ್ಥಳದ ಮುಂದೆ ಅದು ಸೋಲುತ್ತದೆ, ಅಲ್ಲಿ ಎಫ್/1.8ರ ಲೆನ್ಸ್ ಅದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ತರುತ್ತದೆ, ಬೆಲೆಯೂ ಕೈಗೆಟುಕುವಂಥದ್ದು. ಆಗುಂಬೆಯ ಕಪ್ಪೆಯನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯಲು ಮ್ಯಾಕ್ರೋ ಕೊಳ್ಳುವುದಾದರೆ 50ಕ್ಕಿಂತ 100 ಮಿ.ಮೀ. ಲೇಸು, ಕಪ್ಪೆಯಿಂದ ಇನ್ನಷ್ಟು ದೂರ ನಿಲ್ಲಬಹುದು. ಹಂಪಿ, ಬಾದಾಮಿಗೆ ದುಬಾರಿ ಲೆನ್ಸಿಗಿಂತ ಗಟ್ಟಿಯಾದ ಟ್ರೈಪಾಡ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರು ಲೆನ್ಸಿಗಿಂತ ಮೊದಲು ತೇವ ತಡೆಯುವ ಗಾಳಿಯಾಡದ ಡಬ್ಬಿಯನ್ನೂ ಸಿಲಿಕಾ ಜೆಲ್ಲನ್ನೂ ಕೊಳ್ಳಲಿ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಒಳಗಾಜಿಗೆ ಬೂಸ್ಟು ಹತ್ತಿದರೆ ಬಿಡಿಸುವುದು ಕಷ್ಟ, ಅದು ಲೇಪನವನ್ನೇ ತಿಂದುಹಾಕುತ್ತದೆ.

ಹೊಸ ಲೆನ್ಸಿಗೆ ಹಣ ಹೊಂದಿಸುವ ಮೊದಲು ನಿಮ್ಮ ಹಿಂದಿನ ವರ್ಷದ ಚಿತ್ರಗಳನ್ನು ತೆರೆದು ನೋಡಿ. ಯಾವ ಫೋಕಲ್ ಲೆಂತ್‌ನಲ್ಲಿ ತೆಗೆದದ್ದು ಎಂದು ಪ್ರತಿ ಫೈಲಿನಲ್ಲೂ ದಾಖಲಾಗಿರುತ್ತದೆ. ಹೆಚ್ಚಿನವು ಎಲ್ಲಿವೆ, ಎಲ್ಲಿ ಬೆಳಕು ಸಾಲಲಿಲ್ಲ, ಎಲ್ಲಿ ನಾಲ್ಕು ಹೆಜ್ಜೆ ಮುಂದೆ ಅಥವಾ ಹಿಂದೆ ಸರಿದಿದ್ದರೆ ಸಾಕಾಗಿತ್ತು ಎಂದು ಗುರುತು ಹಾಕಿಕೊಳ್ಳಿ. ಹೆಜ್ಜೆ ಹಾಕಿದರೂ ನೀಗದ ಕೊರತೆ ಯಾವುದೋ ಅದಕ್ಕೆ ತಕ್ಕ ಲೆನ್ಸನ್ನು ಮೊದಲು ಒಂದೆರಡು ದಿನ ಬಾಡಿಗೆಗೆ ತಂದು ಬಳಸಿ ನೋಡಿ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡುವವರಿದ್ದಾರೆ. ಆಮೇಲೆ ಕೊಳ್ಳಿ.